ಎದೆಯ ನಖಿ, ಮೊಣಕಾಲಿನ ನಖಿ

ನನ್ನ ಕಿವಿಯಲ್ಲಿ ಏನೋ ದೋಷವಿರಬೇಕು ಎಂಬ ಚಿಂತೆ ನನಗೆ ಹತ್ತಿ ಬಹಳ ದಿನವಾಯಿತು. ಯಾರ ಮುಂದೂ ಹೇಳಿಲ್ಲ. ಹೇಳಿದರೆ ಕಲ್ಲಯ್ಯ ಕಾಕಾ ಅಲ್ಲಿಯೇ ಪಿಚಕಾರಿ ತರಿಸಿ ಕಿವಿ ತೊಳೆದುಬಿಡುತ್ತಾರೆ. ಡೈರಿಯಲ್ಲಿ ಮಾತ್ರ ಪ್ರತಿ ರವಿವಾರ ಒಂದು ಸಾಲು ಬರೆಯುತ್ತೇನೆ: ಇವತ್ತೂ ಕೇಳಿಸಿತು. ಏನು ಕೇಳಿಸಿತು ಎಂದು ಬರೆಯುವಷ್ಟು ಧೈರ್ಯ ಡೈರಿಯಲ್ಲೂ ಇಲ್ಲ. ನಮ್ಮ ಅವ್ವನಿಗೆ ಓದಲು ಬರುತ್ತದೆ.

ವಿಷಯ ಇಷ್ಟೇ. ಯಾವ ಸ್ವರ ಕೇಳಿದರೆ ಉಳಿದ ಮೂವರು ಕಣ್ಣು ಮುಚ್ಚಿ ಕುತ್ತಿಗೆ ಆಡಿಸುತ್ತಾರೋ, ಆ ಸ್ವರ ನನಗೆ ಇಬ್ಬರು ಹೆಂಗಸರು ಒಂದೇ ನಳದ ಮುಂದೆ ಕೊಡ ಹಿಡಿದು ಜಗಳಾಡಿದಂತೆ ಕೇಳಿಸುತ್ತದೆ.

ಮೂವರು ಎಂದರೆ ನಮ್ಮ ಅಪ್ಪ, ಕಲ್ಲಯ್ಯ ಕಾಕಾ ಮತ್ತು ಅವಧೂತ ಕಾಕಾ. ಅಪ್ಪ ಬಸಲಿಂಗಪ್ಪ, ಬೆಳಗಾವಿಯ ಶಹಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಕಲ್ಲಯ್ಯ ಕಾಕಾ ನೆಹರು ನಗರದ ಕಡೆ ಒಬ್ಬ ಎಲುಬಿನ ಡಾಕ್ಟರರ ಹತ್ತಿರ ಕಂಪೌಂಡರು. ಅವಧೂತ ಕಾಕಾ ಅಂಚೆ ಕಚೇರಿಯಲ್ಲಿ ಪಾರ್ಸಲ್ಲುಗಳಿಗೆ ಅರಗು ಹಾಕುತ್ತ ಹಾಕುತ್ತ ಪೆನ್ಶನ್ನಿಗೆ ಬಂದವರು. ಅವರು ತಮ್ಮ ಮನೆಯಲ್ಲಿ ಆಡುವುದು ಮರಾಠಿ, ನಮ್ಮಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಈ ಮೂವರು ಕೂಡಿ ಮಾಡಿಕೊಂಡ ಸಂಘದ ಹೆಸರು ತಂತುನಾದ ಮಂಡಳ. ರವಿವಾರ ನಾಷ್ಟಾ ಆದಮೇಲೆ ನಮ್ಮ ಪಡಸಾಲೆಯಲ್ಲಿ ಸೇರುತ್ತದೆ. ಮಂಡಳಕ್ಕೆ ಒಂದು ವಾದ್ಯವಿದೆ, ಮ್ಯಾಂಡೋಲಿನ್. ಅದನ್ನು ಈವರೆಗೆ ಯಾರೂ ಬಾರಿಸಿಲ್ಲ.

ಯಾರೂ ಬಾರಿಸಿಲ್ಲ ಎಂದರೆ ತಪ್ಪಾದೀತು. ನಾನು ಬಾರಿಸುತ್ತೇನೆ, ಆದರೆ ಒಂದೇ ಸ್ವರ.

ವಾದ್ಯ ನಮಗೆ ಸಿಕ್ಕದ್ದು ಲೋಂಡಾ ಸ್ಟೇಶನ್ನಿನಲ್ಲಿ. ನಾನಾಗ ಬಿ.ಎ. ಕೊನೆಯ ಪರೀಕ್ಷೆ ಬರೆದು ಮುಗಿಸಿದ್ದೆ. ಮದುವೆಯೊಂದಕ್ಕೆ ಹೋಗಿ ಹೊರಳಿ ಬರುವಾಗ ಗಾಡಿ ತಪ್ಪಿಸಿಕೊಂಡು ಮುಂದಿನದಕ್ಕೆ ಕಾಯುತ್ತ ಕೂತಿದ್ದೆವು. ಗೋವಾದ ಕಡೆ ಹೊರಟಿದ್ದ ಗೂಡ್ಸ್ ಗಾಡಿಯ ಗಾರ್ಡ್ ತನ್ನ ಡಬ್ಬಿಯ ಮೆಟ್ಟಿಲ ಮೇಲೆ ಕೂತು ಮ್ಯಾಂಡೋಲಿನ್ ಬಾರಿಸುತ್ತಿದ್ದ. ಎಂಟು ತಂತಿ, ಎರಡೆರಡರಂತೆ ನಾಲ್ಕು ಜೋಡಿ. ಜೋಡಿಯ ಎರಡೂ ತಂತಿಗಳು ಒಂದೇ ಬಾಯಿಂದ ಬಂದಂತೆ ನುಡಿಯುತ್ತಿದ್ದವು. ಎರಡು ವಸ್ತುಗಳು ಅಷ್ಟು ಒಂದಾಗಬಲ್ಲವು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ವಡೆಯನ್ನು ನಾನು ಮರೆತೆ; ಮಂಗ ಮರೆಯಲಿಲ್ಲ.

ಅಪ್ಪ ಎದ್ದುಹೋಗಿ ಗಾರ್ಡನನ್ನು ಮಾತಾಡಿಸಿದರು. ತಂತಿ ಯಾವ ಊರಿನದು, ಹೊಟ್ಟೆಯ ಕಟ್ಟಿಗೆ ಯಾವ ಗಿಡದ್ದು, ಕೈಯಲ್ಲಿರುವ ನಖಿ ಯಾತರದ್ದು. ನಖಿ ಎಂದರೆ ತಂತಿ ಮೀಟಲು ಬೆರಳುಗಳ ನಡುವೆ ಹಿಡಿಯುವ ಚೂರು. ಸಿಗ್ನಲ್ ಬಿತ್ತು. ಗಾರ್ಡ್ ಹಸಿರು ನಿಶಾನೆ ತೋರಿಸಬೇಕು, ಅಪ್ಪ ಬಿಡಲೊಲ್ಲರು. ಕೊನೆಗೆ ಆ ಮನುಷ್ಯ ಮ್ಯಾಂಡೋಲಿನ್ನನ್ನೇ ಅಪ್ಪನ ಕೈಗೆ ತುರುಕಿ ಡಬ್ಬಿ ಹತ್ತಿದ. ದಾನ ಮಾಡಿದನೋ, ಪ್ರಶ್ನೆಗಳಿಂದ ಪಾರಾದನೋ ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ನಖಿ ಅವನ ಕಿಸೆಯಲ್ಲೇ ಹೋಯಿತು.

ಬೆಳಗಾವಿ ಮುಟ್ಟುವುದರೊಳಗೆ ವಾದ್ಯ ರೈಲಿನ ಮೇಲಿನ ಹಲಗೆಯಿಂದ ಒಮ್ಮೆ ಬಿತ್ತು, ಟಾಂಗಾದಿಂದ ಒಮ್ಮೆ ಬಿತ್ತು. ಮನೆಗೆ ಬಂದು ಅಪ್ಪ ಬಾಚಣಿಗೆಯ ತುದಿಯಿಂದ ಮೀಟಿದರು. ಲೋಂಡಾದ ನಾದ ಬರಲಿಲ್ಲ. ಅಪ್ಪ ಗೋಡೆಗೆ ಒರಗಿ ಬಹಳ ಹೊತ್ತು ವಿಚಾರ ಮಾಡಿದರು.

"ನಾದ ನಖ್ಯಾಗ ಇತ್ತು," ಎಂದರು. "ಅದು ಗೋವಾಕ್ಕ ಹೋತು."

ಆದರೆ ಎರಡನೇ ಜೋಡಿಯಲ್ಲಿ ಏನೋ ಒಂದು ಉಳಿದಿತ್ತು. ಮೀಟಿದರೆ ಸ್ವರ ನೆಟ್ಟಗೆ ನಿಲ್ಲದೆ ವೋಂವ್, ವೋಂವ್ ಎಂದು ಮೆಲ್ಲಗೆ ಏರಿ ಇಳಿಯುತ್ತಿತ್ತು. ಅಪ್ಪ ಅದಕ್ಕೆ ಉಸಿರು ಎಂದು ಹೆಸರಿಟ್ಟರು. ಗಾರ್ಡನ ನಾದದಲ್ಲಿ ಇಷ್ಟಾದರೂ ಜೀವ ಉಳಿದಿದೆ, ಸರಿಯಾದ ನಖಿ ಸಿಕ್ಕರೆ ಮೈದುಂಬಿ ಬರುತ್ತದೆ ಎಂದರು. ಕಲ್ಲಯ್ಯ ಕಾಕಾ ಕೇಳಿ ಹೌದೆಂದರು. ಅವಧೂತ ಕಾಕಾ ಕೇಳಿ ಕಣ್ಣೊರೆಸಿಕೊಂಡರು. ಹೀಗೆ ಮಂಡಳ ಹುಟ್ಟಿತು.

ಹುಟ್ಟಿದ ಕೂಡಲೇ ಅಪ್ಪ ನಿಯಮಗಳನ್ನು ಮಾಡಿದರು. ವಿಜ್ಞಾನದಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಗುವುದು ನಖಿ, ಉಳಿದದ್ದೆಲ್ಲ ಇದ್ದಂತೆ ಇರಬೇಕು. ಆದ್ದರಿಂದ ತಂತಿ ಬಿಗಿಯುವ ಖುಂಟಿಗಳನ್ನು ಯಾರೂ ತಿರುವಬಾರದೆಂದು ಅವಧೂತ ಕಾಕಾ ಎಂಟಕ್ಕೂ ಅರಗು ಸುರಿದು ತಮ್ಮ ಉಂಗುರ ಒತ್ತಿದರು. ಯೋಗ್ಯ ನಖಿ ಗೊತ್ತಾಗುವವರೆಗೆ ಹಾಡು ಬಾರಿಸಬಾರದು. ಬಾರಿಸಿದರೆ ವಾದ್ಯಕ್ಕೆ ಕೆಟ್ಟ ಚಟ ಹತ್ತುತ್ತದೆ. ಕೇಳುವವರಿಗೆ ನಖಿ ಕಾಣಬಾರದು, ಅದಕ್ಕೆ ನಡುವೆ ಅವ್ವನ ಇಳಕಲ್ ಸೀರೆಯ ಪರದೆ. ಸೀರೆ ಒಂದಿಷ್ಟು ನಾದ ಕುಡಿಯುತ್ತದೆ ಎಂದು ಅವಧೂತ ಕಾಕಾ ತಕರಾರು ತೆಗೆದಾಗ ಅವ್ವ ಅಡಿಗೆಮನೆಯಿಂದಲೇ ಹೇಳಿದಳು:

"ಕುಡದ್ರ ಕುಡೀಲಿ ಬಿಡ್ರಿ. ಈ ಮನ್ಯಾಗ ಏನರ ಕುಡಿಯೂದು ಅಂದ್ರ ಆ ಸೀರಿಗೊಂದ ಸಿಕ್ಕೇತಿ. ನಿಮ್ಮ ಮೂವರಿಗೂ ಚಾ ಮಾಡಿ ಮಾಡಿ ನನಗ ಕುಡಿಯಾಕ ಪುರಸೊತ್ತಿಲ್ಲ."

ಪರದೆಯ ಹಿಂದೆ ಕೂತು ಮೀಟುವವರು ಯಾರು ಎಂಬುದು ಕೊನೆಯ ಪ್ರಶ್ನೆ.

"ತಮ್ಮದು ಅಂತ ಒಂದು ಅಭಿಪ್ರಾಯ ಇಲ್ಲದವರು ಬೇಕು," ಎಂದರು ಅಪ್ಪ.

ಮೂವರೂ ಒಟ್ಟಿಗೆ ನನ್ನ ಕಡೆ ನೋಡಿದರು.

ನಾನು ಬಿ.ಎ. ಪಾಸಾಗಿ ಮನೆಯಲ್ಲಿ ಕೂತಿದ್ದೆ. ಕಾಲೇಜಿನ ಅಷ್ಟೂ ವರ್ಷ ಹಾಜರಿಗೆ ಯಸ್ ಸರ್ ಎಂದದ್ದು ಬಿಟ್ಟರೆ ಬೇರೆ ಮಾತಾಡಿದ ನೆನಪಿಲ್ಲ. ಅಂದಿನಿಂದ ಪ್ರತಿ ರವಿವಾರ ಪರದೆಯ ಹಿಂದೆ ಕೂತು, ಡಬ್ಬಿಯಿಂದ ಒಂದೊಂದೇ ನಖಿ ತೆಗೆದು, ಎರಡನೇ ಜೋಡಿಯನ್ನು ಒಮ್ಮೆ ಮೀಟಿ ಸುಮ್ಮನಾಗುತ್ತೇನೆ. ಆಚೆ ಚರ್ಚೆ ನಡೆಯುತ್ತದೆ. ಅದು ಮುಗಿಯುವ ಹೊತ್ತಿಗೆ ನನ್ನ ಕಾಲು ಜೋಮು ಹಿಡಿದಿರುತ್ತದೆ.

ಡಬ್ಬಿಯಲ್ಲಿ ಎಮ್ಮೆಯ ಕೋಡಿನ ನಖಿ ಇತ್ತು, ತೆಂಗಿನ ಚಿಪ್ಪಿನದು ಇತ್ತು, ಒಡೆದ ಗ್ರಾಮಾಫೋನ್ ತಟ್ಟೆಯದು ಇತ್ತು. ಅಪ್ಪನ ಅಂಗಿಯ ಕಾಲರಿನೊಳಗಿನ ಪ್ಲಾಸ್ಟಿಕ್ ಪಟ್ಟಿ ಇತ್ತು. ಅಂದಿನಿಂದ ಅಪ್ಪನ ಕಾಲರು ಎರಡೂ ಕಡೆ ನಾಯಿಯ ಕಿವಿಯಂತೆ ಜೋತುಬಿದ್ದಿತು. ಆದರೆ ನಿಜವಾದ ಕ್ರಾಂತಿ ಮಾಡಿದವರು ಕಲ್ಲಯ್ಯ ಕಾಕಾ. ಒಂದು ದಿನ ಯಾರೋ ಬಿಟ್ಟುಹೋದ ಎಕ್ಸ್‌ರೇ ಫಿಲ್ಮುಗಳನ್ನು ತಂದು ಕತ್ತರಿಸಿ ನಖಿ ಮಾಡಿದರು. ಒಂದು ಎದೆಯ ಫಿಲ್ಮಿನದು, ಒಂದು ಮೊಣಕಾಲಿನದು. ಫಿಲ್ಮು ಒಂದೇ ಜಾತಿಯದು, ದಪ್ಪವೂ ಒಂದೇ. ಆದರೂ ಎದೆಯ ನಖಿಯಲ್ಲಿ ಉಸಿರು ಹೆಚ್ಚೆಂದು ಮೊದಲ ದಿನವೇ ಠರಾವಾಯಿತು. ಎದೆಯಲ್ಲದೆ ಮತ್ತೆಲ್ಲಿರುತ್ತದೆ ಉಸಿರು?

ಒಂದು ರವಿವಾರದ ಚರ್ಚೆ ನನಗೆ ಪೂರ್ತಿ ನೆನಪಿದೆ. ನಾನು ಮೀಟಿದೆ. ಆಚೆ ಅವಧೂತ ಕಾಕಾ ನಿಟ್ಟುಸಿರು ಬಿಟ್ಟರು.

"ಎದಿ ಅದ ಇದು. ಗಾಳಿ ಆಡ್ಲಿಕ್ಕತ್ತದ ನೋಡ್ರಿ."

"ಎದಿ ಅಲ್ಲ," ಎಂದರು ಕಲ್ಲಯ್ಯ ಕಾಕಾ. "ಮೊಣಕಾಲು. ಸ್ವರ ಅರ್ಧಕ್ಕ ಬಂದು ಗಂಟಿನ್ಯಾಗ ಹಿಡದಂಗ ಆತಿಲ್ಲೊ?"

"ಯಾರದು ಮೊಣಕಾಲು?" ಅಪ್ಪ ಕೇಳಿದರು.

"ಅದನ್ನ ಹೇಳಾಕ ಬರೂದಿಲ್ಲ ಮಾಸ್ತರ. ಪೇಶಂಟಿನ ಮಾತು."

"ಹೆಸರು ಬ್ಯಾಡೊ ಮಾರಾಯ. ವಯಸ್ಸರೆ ಹೇಳು. ಹರೇದ ಎಲುಬಿಗೂ ಮುಪ್ಪಿನ ಎಲುಬಿಗೂ ನಾದ ಬ್ಯಾರೆ ಇರತೈತಿ."

ಕಲ್ಲಯ್ಯ ಕಾಕಾ ಧರ್ಮಸಂಕಟಕ್ಕೆ ಬಿದ್ದರು. "ವಯಸ್ಸಾದ ಮನಷ್ಯಾ. ಸೈಕಲ್ ಮ್ಯಾಲಿಂದ ಬಿದ್ದಾನ."

"ಬರೋಬರ್," ಎಂದರು ಅವಧೂತ ಕಾಕಾ. "ಅದಕ್ಕ ಸ್ವರದ ಕೊನೀಗೆ ಒಂದು ಜೋಲಿ ಬಂತು. ನಾ ಎದಿ ಅಂದದ್ದು ತಪ್ಪು."

"ಗಂಗಾ, ಯಾವುದಿತ್ತವ್ವಾ?" ಅಪ್ಪ ನನ್ನನ್ನು ಕೇಳಿದರು.

ನಾನು ಕೈ ನೋಡಿಕೊಂಡೆ. "ಕಾಲರ್ ಪಟ್ಟಿ," ಎಂದೆ.

ಆಚೆ ಬಸಿಯಲ್ಲಿ ಕಪ್ಪು ಇಟ್ಟ ಸದ್ದಾಯಿತು.

"ಒಂದ ಡಬ್ಬ್ಯಾಗ ಇಡತೇವಲ್ಲ," ಎಂದರು ಅಪ್ಪ ಕೊನೆಗೆ. "ಮೊಣಕಾಲಿನ ಗುಣಾ ಹತ್ತೇತಿ ಅದಕ್ಕ."

ಮುಂದಿನ ವಾರದಿಂದ ಒಂದೊಂದು ನಖಿಗೆ ಒಂದೊಂದು ಡಬ್ಬಿಯಾಯಿತು. ಅವ್ವನ ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲವೂ ಕಾಗದದ ಪೊಟ್ಟಣಕ್ಕೆ ಇಳಿದವು.

ಇದರ ನಡುವೆ ನನ್ನನ್ನು ನೋಡಲು ಪೀರನವಾಡಿಯಿಂದ ಒಂದು ಮನೆತನದವರು ಬಂದರು. ದುರ್ದೈವದಿಂದ ಅದು ರವಿವಾರ. ತಲೆ ತಗ್ಗಿಸಿಕೊಂಡೇ ಅವಲಕ್ಕಿ ಕೊಟ್ಟು ನಾನು ಒಳಗೆ ಬಂದಮೇಲೆ ಅಪ್ಪ ಹುಡುಗನನ್ನು ಪರದೆಯ ಮುಂದೆ ಕೂಡಿಸಿದರು. ನನ್ನನ್ನು ಹಿಂದೆ ಕೂಡಿಸಿದರು. ಹೆಣ್ಣು ನೋಡಲು ಬಂದವನಿಗೆ ನಮ್ಮ ಅವ್ವನ ಸೀರೆ ಮಾತ್ರ ಕಾಣುತ್ತಿತ್ತು. ನಾನು ಎರಡು ಸಲ ಮೀಟಿದೆ.

"ಹೇಳ್ರಿ ತಮ್ಮಾ, ಎದಿ ಯಾವುದು, ಮೊಣಕಾಲು ಯಾವುದು?"

ಹುಡುಗ ಒಂದು ಗಳಿಗೆ ವಿಚಾರ ಮಾಡಿ, "ಎರಡೂ ಒಂದ ಐತಲ್ರಿ," ಎಂದ.

ಅವರು ಹೋದಮೇಲೆ ಅಪ್ಪ, "ಕಿವಿ ಇಲ್ಲದ ಮನಿತನ. ಬ್ಯಾಡ," ಎಂದರು. ನಮ್ಮ ಪಡಸಾಲೆಯಲ್ಲಿ ಇಷ್ಟು ದಿನದಲ್ಲಿ ಖರೆ ಮಾತಾಡಿದವನು ಅವನೊಬ್ಬನೇ ಎಂದು ನನಗೆ ಅನಿಸಿತು. ಅವನ ಮುಖ ನಾನು ನೋಡಿರಲಿಲ್ಲ. ಅವನೂ ನನ್ನ ಮುಖವನ್ನು ಸರಿಯಾಗಿ ನೋಡಿರಲಿಕ್ಕಿಲ್ಲ.

ನನಗೆ ಕೇಳಿಸುತ್ತಿದ್ದದ್ದು ಏನೆಂದು ಈಗ ಬರೆಯುತ್ತೇನೆ. ಎರಡನೇ ಜೋಡಿಯ ಒಂದು ತಂತಿ ಒಂದು ಕೂದಲೆಳೆಯಷ್ಟು ಇಳಿದಿತ್ತು. ಒಂದು ತಂತಿ ಸ್ವರ ಹಿಡಿದು ನಿಂತರೆ ಇನ್ನೊಂದು ಅದರ ಕೆಳಗೆ ನಿಂತು ತಳ್ಳಾಡುತ್ತಿತ್ತು. ವೋಂವ್, ವೋಂವ್ ಎನ್ನುತ್ತಿದ್ದದ್ದು ಆ ತಳ್ಳಾಟ. ನಖಿ ಎದೆಯದಾದರೂ ಅಷ್ಟೇ, ಎಮ್ಮೆಯದಾದರೂ ಅಷ್ಟೇ. ಮಳೆಗಾಲದಲ್ಲಿ ಒಂದು ತರಹ, ಬಿಸಿಲಿಗೆ ಒಂದು ತರಹ ಆಗುತ್ತಿತ್ತು. ಹಾಗಾಗಿ ಈ ವಾರ ಗೆದ್ದ ನಖಿ ಮುಂದಿನ ವಾರ ಸೋಲುತ್ತಿತ್ತು. ಒಂದು ಖುಂಟಿಯನ್ನು ಒಂದಿಷ್ಟು ತಿರುವಿದರೆ ಮುಗಿಯಿತು. ಆದರೆ ಖುಂಟಿಯ ಮೇಲೆ ಅರಗಿತ್ತು, ಅರಗಿನ ಮೇಲೆ ಅವಧೂತ ಕಾಕಾರ ಉಂಗುರದ ಗಣಪತಿ ಇದ್ದ.

ಹೇಳಲಿಲ್ಲ ಯಾಕೆ? ಮೂವರು ದೊಡ್ಡವರಿಗೆ ಉಸಿರಾಗಿ ಕೇಳಿಸುವುದು ನನಗೊಬ್ಬಳಿಗೆ ಜಗಳವಾಗಿ ಕೇಳಿಸಿದರೆ ದೋಷ ಯಾರ ಕಿವಿಯಲ್ಲಿ ಎಂದು ಯಾರೂ ಕೇಳಬೇಕಾಗಿಯೇ ಇಲ್ಲ. ಅದೊಂದು. ಇನ್ನೊಂದು, ಅಪ್ಪ. ಸೋಮವಾರದಿಂದ ಶನಿವಾರದವರೆಗೆ ಅಪ್ಪ ಶಾಲೆಯಿಂದ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದ ಪುಡಿ, ಮುಖದ ಮೇಲೂ ಅದೇ ಬಣ್ಣ. ಊಟ ಮಾಡಿ ಗೋಡೆ ನೋಡುತ್ತ ಕೂರುತ್ತಾರೆ. ರವಿವಾರ ಮುಂಜಾನೆ ಮಾತ್ರ ಬಚ್ಚಲಿನಲ್ಲಿ ಗುನುಗುತ್ತಾರೆ. ಅವರ ಉಸಿರು ಬರೇ ಒಂದು ಸಡಿಲ ತಂತಿ ಎಂದು ಗೊತ್ತಾದರೆ ಮುಂದಿನ ರವಿವಾರ ಏನು ಮಾಡಬೇಕು ಆ ಮನುಷ್ಯ?

ಪರೀಕ್ಷೆ ಮುಗಿದ ಮೇಲೆ ಅಪ್ಪ ಪ್ರತಿ ಸಲ ಕೇಳುತ್ತಿದ್ದರು: "ಗಂಗಾ, ನಿನಗೇನರ ಅನಸ್ತೇನು?"

"ಏನಿಲ್ಲಪ್ಪಾ."

"ನೋಡ್ರಿ," ಎಂದು ಅಪ್ಪ ಹೆಮ್ಮೆಯಿಂದ ಉಳಿದಿಬ್ಬರ ಕಡೆ ತಿರುಗುತ್ತಿದ್ದರು. "ಶುದ್ಧ ನಿಷ್ಪಕ್ಷಪಾತಿ."

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಉಸಿರು ಏರಿತು. ಬಿಸಿಲಿಗೆ ತಂತಿ ಇನ್ನಷ್ಟು ಇಳಿದಿರಬೇಕು, ತಳ್ಳಾಟ ಜೋರಾಯಿತು. ಮೆಲ್ಲಗೆ ಏರಿ ಇಳಿಯುತ್ತಿದ್ದ ಸ್ವರ ಈಗ ವವವವ ಎಂದು ನಡುಗತೊಡಗಿತು. ಎದೆಯ ನಖಿ ಹಿಡಿದರೂ ನಡುಕ, ಮೊಣಕಾಲಿನದು ಹಿಡಿದರೂ ನಡುಕ. ಅವಧೂತ ಕಾಕಾ ಪರದೆಯ ಮೇಲೆ ಅನುಮಾನ ಪಟ್ಟರು. ಕಲ್ಲಯ್ಯ ಕಾಕಾ ಕೊರಳಿಗೆ ಸ್ಟೆತೋಸ್ಕೋಪ್ ಹಾಕಿಕೊಂಡು ಬಂದು ವಾದ್ಯದ ಹೊಟ್ಟೆಗೆ ಒತ್ತಿದರು. ನಾನು ಮೀಟಿದೆ. ಅವರ ಮುಖ ಗಂಭೀರವಾಯಿತು.

"ದಮ್ಮು," ಎಂದರು.

"ಖಾತ್ರಿ ಏನು?" ಅಪ್ಪನ ದನಿ ಸಣ್ಣದಾಗಿತ್ತು.

"ಇಷ್ಟು ವರ್ಷ ಕೇಳಾಕತ್ತೇನಿ ಮಾಸ್ತರ. ಉಸರು ತಗೊಂತೈತಿ, ಬಿಡಾಕ ಆಗವೊಲ್ದು. ಹೊಟ್ಟ್ಯಾಗ ಏನೋ ಐತಿ."

ಒಂದು ವಾರ ಮ್ಯಾಂಡೋಲಿನ್ನಿಗೆ ಓಮಿನ ಕಾಳಿನ ಹೊಗೆ ಕೊಟ್ಟರು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಕಟ್ಟಿಕೊಂಡ ಹೇಣ್ತಿ ಎರಡು ತಿಂಗಳು ಕೆಮ್ಮಿದ್ರ ಒಂದು ವಾಟಿ ಬಿಸಿನೀರು ಕೊಟ್ಟವರಲ್ಲ. ಈ ಕಟಗಿಗೆ ಸೇವಾ ನಡದೈತಿ," ಎಂದಳು. ಹೊಗೆಯಿಂದ ನಡುಕ ಕಡಿಮೆಯಾಗಲಿಲ್ಲ. ಹೊಟ್ಟೆಯ ಸಣ್ಣ ತೂತಿನಿಂದ ಎರಡು ಜಿರಳೆ ಹೊರಗೆ ಬಂದವು. ರೋಗದ ಮೂಲ ಒಳಗೇ ಇದೆ ಎನ್ನಲು ಇನ್ನೇನು ಬೇಕು?

ಆಗ ಅವಧೂತ ಕಾಕಾ ಬಾಳಾಸಾಹೇಬರ ಹೆಸರು ತೆಗೆದರು. ಖಾನಾಪುರದಲ್ಲಿ ಅವರದು ಕಟ್ಟಿಗೆ ಕೊಯ್ಯುವ ಗಿರಣಿ. "ಕಟಗಿ ಅಂದ್ರ ಅವರಿಗೆ ಮಕ್ಕಳು ಇದ್ದಂಗ. ಬೆರಳಿಲೆ ಬಡದು ಒಳಗೇನದ ಹೇಳ್ತಾರ."

ರವಿವಾರ ಮುಂಜಾನೆ ನಾವು ನಾಲ್ವರೂ ಕೆಂಪು ಬಸ್ಸು ಹತ್ತಿದೆವು. ನನ್ನನ್ನು ಕರೆದುಕೊಂಡದ್ದು ಬಾಳಾಸಾಹೇಬರ ಮುಂದೆ ಮೀಟಲು ನಿಷ್ಪಕ್ಷಪಾತಿ ಒಬ್ಬರು ಬೇಕಲ್ಲ ಎಂದು. ವಾದ್ಯಕ್ಕೆ ಗಾಳಿ ತಾಗಬಾರದೆಂದು ಕೌದಿಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಮಲಗಿಸಿದ್ದರು. ಪೀರನವಾಡಿಯಲ್ಲಿ ಬುಟ್ಟಿ ಹಿಡಿದ ಒಬ್ಬ ಅಜ್ಜಿ ಹತ್ತಿ ನನ್ನ ಬಾಜು ಕೂತಳು. ಕೌದಿಯ ಕಡೆ ನೋಡಿ ದನಿ ಇಳಿಸಿದಳು.

"ಮಲಗೇತೇನವ್ವಾ?"

ಹಿಂದಿನ ಸೀಟಿನಿಂದ ಕಲ್ಲಯ್ಯ ಕಾಕಾ ಕಿಟಕಿ ನೋಡುತ್ತಲೇ ಉತ್ತರ ಕೊಟ್ಟರು. "ದಮ್ಮು ಐತ್ರಿ ಆಯಿ. ಖಾನಾಪುರಕ್ಕ ತೋರಸಾಕ ಹೊಂಟೇವಿ."

"ಅಯ್ಯ ಶಿವನ. ಬಜಿ ಬೇರು ತೇದು ನೆಕ್ಕಿಸ್ರಲ್ಲ."

"ಓಮಿನ ಹೊಗಿ ಕೊಟ್ಟೇವ್ರಿ. ಬಗ್ಗಲಿಲ್ಲ."

"ಆಗದಿದ್ರ ಹೊಟ್ಟಿ ಕೊಯ್ಸೂದ," ಎಂದರು ಅಪ್ಪ, ತಮ್ಮಷ್ಟಕ್ಕೆ.

ನನಗೆ ಅದು ಗೊತ್ತಾದದ್ದು ಆಗಲೇ. ನನಗಿಂತ ಮೊದಲು ಅಜ್ಜಿ ಮಾತಾಡಿದಳು.

"ಇಷ್ಟು ಸಣ್ಣ ಕೂಸಿನ ಹೊಟ್ಟಿ ಕೊಯ್ಸತೀರಿ? ನೀವೇನು ಮನಷ್ಯಾರೋ ಏನೋ?" ಎಂದು ಮೂವರನ್ನೂ ಸರದಿಯಂತೆ ನೋಡಿ, ನನ್ನ ಕಡೆ ತಿರುಗಿದಳು. "ಹಡದಾಕಿ ನೀ ಕುಂತೀಯಲ್ಲ. ನಿನಗ ಬಾಯಿ ಇಲ್ಲೇನು?"

"ಏನಿಲ್ರಿ," ಎಂದೆ.

ಅಜ್ಜಿ ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದು ಕೌದಿಯ ಮೇಲಿಟ್ಟಳು. ಖಾನಾಪುರ ಬರುವವರೆಗೆ ಮುಖ ಆ ಕಡೆ ತಿರುಗಿಸಿ ಕೂತಳು.

ಬಾಳಾಸಾಹೇಬರ ಗಿರಣಿ ಸ್ಟೇಶನ್ನಿನ ಕಡೆಗಿತ್ತು. ತಗಡಿನ ಚಪ್ಪರ, ನಡುವೆ ದೊಡ್ಡ ದುಂಡು ಗರಗಸ, ಎಲ್ಲೆಲ್ಲೂ ಕಟ್ಟಿಗೆಯ ಹೊಟ್ಟು. ಬಾಳಾಸಾಹೇಬರ ಮೀಸೆಯ ಮೇಲೂ ಹೊಟ್ಟು ಕೂತಿತ್ತು. ಮುಂಜಾನೆಯಿಂದ ಕರೆಂಟು ಹೋಗುತ್ತ ಬರುತ್ತ ಇತ್ತಂತೆ. ನಾವು ಹೋದಾಗ ಇರಲಿಲ್ಲ. ಅವರು ಮ್ಯಾಂಡೋಲಿನ್ನನ್ನು ಎತ್ತಿ ಮೂಸಿದರು, ಗೆಣ್ಣಿನಿಂದ ಬಡಿದರು, ಬೆನ್ನಿನ ಕಡೆ ನಾಲಿಗೆಯ ತುದಿ ಮುಟ್ಟಿಸಿದರು. ನನಗೆ ಮೀಟಲು ಹೇಳಿದರು. ವವವವ. ಬಾಳಾಸಾಹೇಬರು ಕಣ್ಣು ಮುಚ್ಚಿಕೊಂಡರು. ಅಲ್ಲಿಗೆ ನಾಲ್ವರಾದರು.

"ಸಮುದ್ರದ ಬಾಜೂದ ಕಟಗಿ," ಎಂದರು. "ಉಪ್ಪು ಕುಡದೈತಿ. ಇಲ್ಲಿ ಘಟ್ಟದ ಹವಾ ಅದಕ್ಕ ಒಗ್ಗೂದಿಲ್ಲ. ಮುಂದಿನ ಹಲಗಿ ತಗದು ನಮ್ಮ ಸಾಗವಾನಿ ಕೂಡಸೂಣು. ಮೊನ್ನೆ ಒಂದು ಗುಡಿ ಬಾಗಿಲ ಮಾಡಿದ್ದು ತುಂಡು ಉಳದೈತಿ. ಅಗದಿ ಘಟ್ಟಿ ಮಾಲು."

"ಬಾಗಿಲದ ಕಟಗಿ ಅಂದ್ರ," ಅವಧೂತ ಕಾಕಾ ಚಿಂತೆಗೆ ಬಿದ್ದರು, "ಮೀಟಿದಾಗ ಕಿರ್ ಅಂದೀತೇನು?"

"ಬಿಜಾಗ್ರಿ ಹಚ್ಚಿದ್ರ ಕಿರ್ ಅಂತೈತ್ರಿ. ಬರೇ ಹಲಗಿ ಏನಂದೀತು?"

"ಗುಡಿದು ಅಂದ್ರ ಚಲೋನ ಆತು," ಎಂದರು ಕಲ್ಲಯ್ಯ ಕಾಕಾ. "ಗಂಟಿ ನಾದ ಕೇಳಿರತೈತಿ."

"ಕೇಳಿಲ್ಲ. ಅದು ಉಳದ ತುಂಡು. ಗುಡಿ ಒಳಗ ಹೋಗೇ ಇಲ್ಲ," ಎಂದರು ಬಾಳಾಸಾಹೇಬರು ಪ್ರಾಮಾಣಿಕವಾಗಿ.

ಅಪ್ಪ ಚರ್ಚೆಗೆ ಸೇರಲಿಲ್ಲ. ಒಂದು ತೊಲೆಯ ಮೇಲೆ ಕೂತು ಮ್ಯಾಂಡೋಲಿನ್ನನ್ನೇ ನೋಡುತ್ತಿದ್ದರು. ಅವರ ಕಾಲರಿನ ಎರಡೂ ಕಿವಿಗಳು ಜೋತಿದ್ದವು. ಸ್ವಲ್ಪ ಹೊತ್ತಿನ ಮೇಲೆ, "ಕೊಯ್ದ ಮ್ಯಾಲೆ ಉಸರು ಉಳೀತೈತೇನ್ರಿ?" ಎಂದು ಕೇಳಿದರು.

"ಮಾಸ್ತರ, ಖರೇ ಹೇಳತೀನಿ. ಉಳದ್ರ ಉಳೀತು."

ಅಪ್ಪ ತಲೆಯಾಡಿಸಿದರು. ಆ ತಲೆಯಾಡಿಸುವುದು ನನಗೆ ಗೊತ್ತಿತ್ತು, ಸೋಮವಾರದ್ದು. ಇಷ್ಟು ವರ್ಷ ನಾನು ಸುಮ್ಮನಿದ್ದು ಕಾಯ್ದ ರವಿವಾರ ಇವತ್ತು ಹೇಗೂ ಮುಗಿಯುತ್ತಿತ್ತು. ಜೊತೆಗೆ ಲೋಂಡಾದ ಆ ಒಂದು ಬಾಯಿಯೂ ಮುಗಿಯುತ್ತಿತ್ತು. ಆ ಸ್ವರ ಇನ್ನೂ ಆ ಹೊಟ್ಟೆಯಲ್ಲಿದೆ ಎಂದು ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಕರೆಂಟು ಬಂತು. ಗರಗಸ ಮೊದಲು ನರಳಿ, ಆಮೇಲೆ ಚೀರತೊಡಗಿತು. ಬಾಳಾಸಾಹೇಬರು ಮೊದಲು ತಂತಿ ಕತ್ತರಿಸಲು ಇಕ್ಕಳ ತೆಗೆದುಕೊಂಡರು. ಅವಧೂತ ಕಾಕಾ ಅರಗಿನ ಮುದ್ರೆಗಳನ್ನು ತೋರಿಸಿ ಏನೋ ಹೇಳುತ್ತಿದ್ದರು. ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಯಾರ ಮಾತೂ ಯಾರಿಗೂ ಕೇಳಿಸುವ ಹಾಗಿರಲಿಲ್ಲ.

ಅದು ನನಗೆ ಅನುಕೂಲವಾಯಿತು. ಸದ್ದು ಅವ್ವನ ಸೀರೆಯಂತೆ ನಡುವೆ ಇಳಿಬಿದ್ದಿತ್ತು. ಅದರ ಹಿಂದೆ ನಿಂತು ನಾನು ಹೇಳಿದೆ. ಮೊದಲು ಬರೇ ತುಟಿಯಲ್ಲಿ ಹೇಳಿದೆ. ಗರಗಸ ಅದನ್ನು ತಿಂದುಹಾಕಿತು. ಆಮೇಲೆ ಗಂಟಲಿನಿಂದ ಹೇಳಿದೆ. ಅದನ್ನೂ ತಿಂದಿತು. ಹಗುರೆನಿಸಿತು. ಇಕ್ಕಳ ಎರಡನೇ ಜೋಡಿಯ ಹತ್ತಿರ ಬಂದಾಗ ಇನ್ನೊಮ್ಮೆ ಹೇಳಲು ಬಾಯಿ ತೆರೆದೆ.

ಕರೆಂಟು ಹೋಯಿತು.

ಗರಗಸ ಒಂದೆರಡು ಸುತ್ತು ಸುಮ್ಮನೆ ತಿರುಗಿ ನಿಂತಿತು. ಗಾಳಿಯಲ್ಲಿದ್ದ ಹೊಟ್ಟು ನಿಧಾನವಾಗಿ ನಮ್ಮ ತಲೆಯ ಮೇಲೆ ಇಳಿಯತೊಡಗಿತು. ನನ್ನ ಬಾಯಿ ಇನ್ನೂ ತೆರೆದೇ ಇತ್ತು. ನಾಲ್ವರೂ ನನ್ನ ಕಡೆ ನೋಡುತ್ತಿದ್ದರು.

"ಏನಂದಿ ಗಂಗಾ?" ಎಂದರು ಅಪ್ಪ.

ಏನಿಲ್ಲಪ್ಪಾ ಎಂಬುದು ರೂಢಿಯಂತೆ ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಾಳಾಸಾಹೇಬರ ಕೈಯ ಇಕ್ಕಳ ತಂತಿಯನ್ನು ಹಿಡಿದೇ ಇತ್ತು, ಒತ್ತಿರಲಿಲ್ಲ. ನಾನು ಮುಂದೆ ಹೋಗಿ ಆ ಖುಂಟಿಯ ಮೇಲೆ ಕೈಯಿಟ್ಟೆ. ಖಾನಾಪುರದ ಬಿಸಿಲಿಗೆ ಅರಗು ಮೆತ್ತಗಾಗಿತ್ತು. ಗಣಪತಿಯ ಹೊಟ್ಟೆ ನನ್ನ ಹೆಬ್ಬೆರಳಿನ ಕೆಳಗೆ ಚಪ್ಪಟೆಯಾಯಿತು.

"ಅಪ್ಪಾ, ಅದು ಉಸರಲ್ಲ," ಎಂದೆ. "ಒಂದು ತಂತಿ ಇಳದೈತಿ."